ಮತ್ತ ಕುರಿ ಯಾರು ಕಾದ್ರು

“ಅದೊಂದು ಬಿಟ್ಟು ಬ್ಯಾರೆ ಯಾವುದಾರ ಕೇಳು, ಹೇಳ್ತೀನಿ,” ಎಂದಳು ತಿಮ್ಮವ್ವ. ಮೊರದ ತುಂಬ ಶೇಂಗಾ ಹಾಕಿಕೊಂಡು ಕೂತಿದ್ದಳು. ಕೈ ತನ್ನಷ್ಟಕ್ಕೆ ಕಾಯಿ ಒಡೆಯುತ್ತಿತ್ತು.

ಉಮಾದೇವಿಗೆ ಬೇರೆ ಕಥೆ ಬೇಕಿರಲಿಲ್ಲ. ರಾಯಚೂರಿನಿಂದ ಬಸ್ಸು ಹಿಡಿದು, ಮೈಯೆಲ್ಲ ಧೂಳು ಮಾಡಿಕೊಂಡು ಕುರ್ಡಿಗೆ ಬಂದದ್ದೇ ಆ ಒಂದು ಕಥೆಗಾಗಿ. ಗಂಡ ಹನುಮೇಶನ ಜೊತೆ ಕಥೆ ಕೇಳಲು ಬರುತ್ತಿದ್ದ ಈ ಅಂಗಳಕ್ಕೆ, ಅವನು ತೀರಿಕೊಂಡ ಮೇಲೆ ಒಬ್ಬಳೇ ಬಂದದ್ದು ಇದೇ ಮೊದಲು. ಮನೆಯಲ್ಲಿ ಅವನ ಪುಸ್ತಕಗಳಿದ್ದವು, ಫೋಟೊ ಇತ್ತು. ಅವನ ದನಿ ಮಾತ್ರ ನೆನಪಿನಿಂದ ಜಾರುತ್ತಿತ್ತು. ಮೊನ್ನೆ ಬೆಳಿಗ್ಗೆ ಎಷ್ಟು ನೆನೆದರೂ ಬರಲಿಲ್ಲ. ಅವಳಿಗೆ ಭಯವಾಗಿಬಿಟ್ಟಿತು.

ಇಬ್ಬರೂ ಒಂದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವರು. ಅವಳಿಗೆ ಕಥೆ ಕೇಳಿ ಕರಗುವ ಆಸೆ, ಅವನಿಗೆ ಕೆದಕುವ ಚಟ. ಮಾರ್ಕ್ಸ್‌ವಾದ ಓದಿದ ಹೊಸತರಲ್ಲಂತೂ ಅವನ ಕೈಗೆ ಸಿಕ್ಕ ಯಾವ ರಾಜಕುಮಾರಿಯೂ ಸುಖವಾಗಿ ಬಾಳಲಿಲ್ಲ. ಸಿನಿಮಾ ನೋಡಿ ಬಂದರೂ ಅಷ್ಟೆ, ಬಯಲಾಟ ನೋಡಿ ಬಂದರೂ ಅಷ್ಟೆ. ಅರಮನೆ ಕಟ್ಟಿದವರು ಯಾರು, ನಾಯಕನ ಬಟ್ಟೆ ಒಗೆದವರು ಯಾರು ಎಂದು ದಾರಿಯುದ್ದಕ್ಕೂ ವಿಚಾರಣೆ. ಅವನ ಜೊತೆ ಕೂತು ಒಂದು ಕಥೆಯನ್ನಾದರೂ ನೆಟ್ಟಗೆ ಕೇಳಲಿಲ್ಲವಲ್ಲ ಎಂದು ಅವಳು ಎಷ್ಟೋ ಸಲ ಸಿಟ್ಟಾಗಿದ್ದಳು.

ತಿಮ್ಮವ್ವನ ಕಥೆಗೆ ಹೂಂಗುಟ್ಟುವವರು ಬೇಕು. ಎದುರಿಗೆ ಕೂತವರು ಹೂಂ ಅನ್ನದಿದ್ದರೆ ಅವಳು ಮುಂದಕ್ಕೆ ಹೋಗುವವಳಲ್ಲ. ಒಬ್ಬ ಕುರಿಗಾರ, ಕಾಯಿಲೆ ಬಿದ್ದ ರಾಜನ ಮಗಳಿಗೆ ಕುರಿಹಾಲು ಕುಡಿಸಿ ಬದುಕಿಸುತ್ತಾನೆ. ರಾಜ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಟ್ಟು ಅವನಿಗೆ ಪಟ್ಟ ಕಟ್ಟುತ್ತಾನೆ. ಎಲ್ಲರೂ ಹೂಂ ಅನ್ನುವ ಆ ಜಾಗದಲ್ಲಿ ಹನುಮೇಶ ತನ್ನ ಹುಟ್ಟೂರು ಬಾಗಲವಾಡದ ರಾಗದಲ್ಲಿ ಕೇಳುತ್ತಿದ್ದ: “ಮತ್ತ ಕುರಿ ಯಾರು ಕಾದ್ರು?”

“ನೀ ಹೂಂ ಅನ್ನು ಸರ, ಕಥಿ ಕೆಡ್ತದ,” ಎಂದು ತಿಮ್ಮವ್ವ ಗದರುತ್ತಿದ್ದಳು. ಅವನು ಅನ್ನುತ್ತಿರಲಿಲ್ಲ. ಕೊನೆಗೆ ಅವಳೇ ಸೋತು ಮುಂದುವರಿಸಬೇಕಾಗುತ್ತಿತ್ತು. “ಕಥಿ ಕೊಂದ್ರಿ ನೀವು,” ಎಂದು ಉಮಾದೇವಿ ಶುರು ಮಾಡಿದ ಜಗಳ ವಾಪಸ್ ಬಸ್ಸಿನಲ್ಲಿ ಕಲ್ಮಲ ದಾಟಿದರೂ ಮುಗಿಯುತ್ತಿರಲಿಲ್ಲ.

“ಯಾಕ ಹೇಳಂಗಿಲ್ಲ, ತಿಮ್ಮವ್ವ?”

“ಮೊಮ್ಮಕ್ಕಳ ಮುಂದ ಒಮ್ಮೆ ಹೇಳಾಕ ಹೋಗಿದ್ನೆವ್ವಾ. ಪಟ್ಟ ಕಟ್ಟೋ ತನಕ ಬಂತು. ಎಲ್ರೂ ಹೂಂ ಅಂದ್ರು. ನನಗ ಮುಂದಿಂದು ಬರಲೇ ಇಲ್ಲ. ಅಲ್ಲಿ ಸರ ಅಡ್ಡ ಬರಬೇಕು ನೋಡು.”

ಉಮಾದೇವಿ ಸೀರೆ ಒಟ್ಟು ಮಾಡಿಕೊಂಡು ಅವಳ ಎದುರಿಗೆ ನೆಲದ ಮೇಲೆ ಕೂತಳು. “ಬಂದಷ್ಟು ಹೇಳು. ನಾ ಕುಂತೀನಿ.”

“ಕುಂದ್ರೋದಾದ್ರ ಕೈಯಾಡ್ಸು,” ಎಂದು ತಿಮ್ಮವ್ವ ಮೊರವನ್ನು ಇಬ್ಬರ ನಡುವೆ ಸರಿಸಿ ಶುರು ಮಾಡಿದಳು. ಸೊಸೆ ಶೈಲಜಾ ಹೊಸ್ತಿಲ ಮೇಲೆ ಕೂತು ಹೂಂಗುಟ್ಟಿದಳು. ಕುರಿಗಾರ ಅಡವಿ ದಾಟಿದ, ಹಳ್ಳ ದಾಟಿದ, ಅರಮನೆಗೆ ಬಂದ. ರಾಜನ ಮಗಳು ಹಾಲು ಕುಡಿದು ಎದ್ದು ಕೂತಳು.

“ರಾಜ ಅವನಿಗೆ ಮಗಳನ್ನ ಕೊಟ್ಟ. ಅರ್ಧ ರಾಜ್ಯ ಕೊಟ್ಟು ಪಟ್ಟ ಕಟ್ಟಿದ.”

“ಹೂಂ,” ಎಂದಳು ಶೈಲಜಾ.

ತಿಮ್ಮವ್ವ ನಿಲ್ಲಿಸಿದಳು. ಒಡೆಯಲು ಹಿಡಿದ ಕಾಯಿ ಬೆರಳುಗಳ ನಡುವೆಯೇ ಉಳಿಯಿತು. ಅವಳು ಉಮಾದೇವಿಯ ಪಕ್ಕದ ಖಾಲಿ ಜಾಗವನ್ನು ನೋಡುತ್ತಿದ್ದಳು.

ಬದುಕಿನುದ್ದಕ್ಕೂ ಮೊಣಕೈಯಿಂದ ತಿವಿದು ಸುಮ್ಮನಾಗಿಸಲು ನೋಡಿದ ಆ ಮಾತು ಉಮಾದೇವಿಯ ನಾಲಗೆಯ ತುದಿಗೆ ಬಂದು ನಿಂತಿತು.

“ಮತ್ತ... ಕುರಿ ಯಾರು ಕಾದ್ರು?”

ರಾಯಚೂರಿನಲ್ಲಿ ಹುಟ್ಟಿ ಬೆಳೆದವಳ ಬಾಯಲ್ಲಿ ಅದು ಬಾಗಲವಾಡದ ರಾಗದಲ್ಲೇ ಬಂತು.

ತಿಮ್ಮವ್ವನ ಕೈಯಲ್ಲಿದ್ದ ಕಾಯಿ ಚಟ್ಟನೆ ಒಡೆಯಿತು.

“ನೀ ಹೂಂ ಅನ್ನು ಸರ,” ಎಂದಳು ಮೆಲ್ಲಗೆ. “ಕಥಿ ಕೆಡ್ತದ.”

ಉಮಾದೇವಿ ಹೂಂ ಅನ್ನಲಿಲ್ಲ. ಮೊರದಿಂದ ಇನ್ನೊಂದು ಕಾಯಿ ಎತ್ತಿಕೊಂಡಳು.