ಇಬ್ಬರು ಗೆದ್ದ ಆಟ

1934ರ ಫೆಬ್ರವರಿ ಕೊನೆಯ ಸೋಮವಾರ, ಬೆಳಗಿನ ಐದು ಗಂಟೆಗೆ, ಎಮ್ಮಿಗನೂರಿನ ಬಯಲಾಟದ ಮಾಸ್ತರ ಕೊಟ್ರಯ್ಯ ತೀರಿಕೊಂಡರು. ಜ್ವರ ಬಂದಿತ್ತು, ಇಳಿಯಲಿಲ್ಲ. ಮಧ್ಯಾಹ್ನದೊಳಗೆ ಮಣ್ಣು ಮಾಡಿದರು. ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಕೂತ ಗಂಡಸರ ಮನಸ್ಸಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಅರ್ಧ ಕಲಿತ ಆಟದ ಗತಿಯೇನು? ಆ ದಿನ ಅದನ್ನು ಕೇಳುವುದು ಸರಿಯಲ್ಲ ಎಂದು ಹೊಲದ ಮಾತು ಆಡುತ್ತಿದ್ದರು. ಕೊನೆಗೆ ಮಾಸ್ತರರ ಹೆಂಡತಿ ಸಂಗಮ್ಮನೇ ಹೊರಗೆ ಬಂದಳು.

“ಆಟ ನಿಲ್ಲಸಬ್ಯಾಡ್ರಿ,” ಎಂದಳು. “ಯುಗಾದಿ ದಾಟಿದ್ರ ನಿಮ್ಮ ನಿಮ್ಮ ಹೊಲಕ್ಕ ಹೋಗ್ತೀರಿ. ಮಳಿಗಾಲ ಮುಗಿಯೋದ್ರಾಗ ಎಲ್ಲಾ ಮರ್ತಿರ್ತೀರಿ. ಆಮ್ಯಾಲೆ ನಾನು ಅದನ್ನ ಎಲ್ಲಿ ಹುಡುಕ್ಲಿ?”

ಅವಳ ಭಯಕ್ಕೆ ಕಾರಣವಿತ್ತು. ಕೊಟ್ರಯ್ಯ ಸುತ್ತಿನ ಊರುಗಳಲ್ಲಿ ಹಳೆಯ ಆಟಗಳನ್ನು ಕಲಿಸಿಕೊಂಡು ಬಂದವರು. ಸ್ವಂತವಾಗಿ ಕಟ್ಟಿದ್ದು ಇದೊಂದನ್ನೇ. ಒಂದು ಬಿಳಿ ಕುದುರೆಗಾಗಿ ಇಬ್ಬರು ರಾಜರು ಯುದ್ಧ ಮಾಡುವ ಕಥೆ. ಅದನ್ನು ಅವರು ಬರೆದಿಡಲಿಲ್ಲ. ಒಬ್ಬೊಬ್ಬರಿಗೂ ಅವರವರ ಪದ, ಮಾತುಗಳನ್ನು ಬೇರೆಬೇರೆಯಾಗಿ, ಅವರು ಕೆಲಸ ಮಾಡುವಲ್ಲಿಗೇ ಹೋಗಿ, ಬಾಯಿಂದ ಬಾಯಿಗೆ ಹೇಳಿಕೊಡುತ್ತಿದ್ದರು. ಒಬ್ಬ ರಾಜನ ಪಾತ್ರದ ಎರ್ರಿಯಪ್ಪ ಕಲಿತದ್ದು ತನ್ನ ಕಬ್ಬಿನ ಗಾಣದ ಹತ್ತಿರ. ಇನ್ನೊಬ್ಬ ರಾಜನ ಪಾತ್ರದ ಜಡೆಪ್ಪ ಕಲಿತದ್ದು ತನ್ನ ಕಿರಾಣಿ ಅಂಗಡಿಯ ಹಿಂದೆ, ಮೂಟೆಗಳ ಮೇಲೆ ಕೂತು. ಆಟ ಕೊನೆಯ ಹಂತಕ್ಕೆ ಬಂದಾಗ ಎಲ್ಲರನ್ನೂ ಒಂದೆಡೆ ಸೇರಿಸಿ ಮಾಸ್ತರರು ಬಿಡಿ ಭಾಗಗಳನ್ನು ಕೂಡಿಸುತ್ತಿದ್ದರು. ಈ ಸಲ ಕೂಡಿಸುವುದು ಬಾಕಿ ಉಳಿದಿತ್ತು.

ಮುಂದಿನ ವಾರ ಆಟಗಾರರೇ ಕೂಡಿಸಲು ಕೂತರು. ಸಂಗಮ್ಮನೂ ಬಂದು ತಾಳ ಹಿಡಿದಳು. ಗಂಡ ಸತ್ತು ತಿಂಗಳಾಗಿಲ್ಲ, ತಾಲೀಮಿಗೆ ಬಂದಿದ್ದಾಳೆ ಎಂದು ಓಣಿಯಲ್ಲಿ ಕೆಲವರು ಆಡಿಕೊಂಡರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಸ್ತರರು ಮನೆಯಲ್ಲಿ ಗುನುಗಿದ್ದೆಲ್ಲ ಅವಳಿಗೆ ಬಾಯಿಪಾಠವಿತ್ತು. ಜಡೆಪ್ಪ ತನ್ನ ಒಡ್ಡೋಲಗದ ಪದಕ್ಕೆ ನಾಲ್ಕು ಸಾಲು ಸೇರಿಸಿ ತನ್ನನ್ನು ಮತ್ತೆ ಮತ್ತೆ ಸಿಂಹ ಎಂದು ಕರೆದುಕೊಂಡಾಗ ಅವಳು ತಾಳ ನಿಲ್ಲಿಸಿದಳು.

“ಜಡೆಪ್ಪಣ್ಣ, ನಮ್ಮನಿಯವ್ರು ಒಂದು ಆಟಕ್ಕ ಒಂದ ಸಿಂಹ ಬಿಡ್ತಿದ್ರು. ಉಳಿದದ್ದೆಲ್ಲಾ ನಿನ್ನ ಅಂಗಡೀದು.”

ಹೀಗೆ ಯುದ್ಧದ ಭಾಗದವರೆಗೆ ಬಂದರು. ಎರ್ರಿಯಪ್ಪ ಕತ್ತಿ ಬೀಸಿ, ಗೆದ್ದೆ ಎಂದು ಪದ ಹಾಡಿ, ಕುದುರೆಯ ಲಗಾಮು ಹಿಡಿದ. ಜಡೆಪ್ಪ ಅದು ಮುಗಿಯುವವರೆಗೆ ಮೀಸೆ ಸವರುತ್ತ ಕಾದು, ತಾನೂ ಕತ್ತಿ ಬೀಸಿ, ಗೆದ್ದೆ ಎಂದು ಪದ ಹಾಡಿ, ಅದೇ ಲಗಾಮಿಗೆ ಕೈ ಹಾಕಿದ.

“ಲೇ ಎರ್ರಿ, ಆ ಪದ ನಿನಗ್ಯಾರು ಕೊಟ್ರು?”

“ಮಾಸ್ತರು. ನಿನಗ?”

“ಮಾಸ್ತರು.”

ಸಾರಥಿಯ ಪಾತ್ರದ ಮೂಕಣ್ಣ ನಗುತ್ತ ನೆಲಕ್ಕೆ ಕೂತುಬಿಟ್ಟ. ವಿಷಯ ಅವನಿಗೆ ಮೊದಲು ತಿಳಿಯಿತು. ಎರ್ರಿಯಪ್ಪನಿಗೂ ಜಡೆಪ್ಪನಿಗೂ ಕಾಲುವೆಯ ನೀರಿನ ಸರದಿಗಾಗಿ ಹಳೆಯ ಜಗಳ. ಊರ ಮುಂದೆ ಒಬ್ಬ ಇನ್ನೊಬ್ಬನಿಗೆ ಸೋಲಲು ಒಪ್ಪುವವನಲ್ಲ. ಊರಿನ ಒಳ್ಳೆಯ ಕಂಠಗಳೋ ಅವೆರಡೇ. ಹಾಗಾಗಿ ಮಾಸ್ತರರು ಇಬ್ಬರಿಗೂ ಗೆಲ್ಲುವ ಪಾತ್ರವೆಂದೇ ಹೇಳಿ ಒಪ್ಪಿಸಿದ್ದರು. ಕೂಡಿಸುವಾಗ ಏನಾದರೂ ಮಾಡಿದರಾಯಿತು ಎಂದುಕೊಂಡಿದ್ದರು. ಅದೇನು ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಸಂಗಮ್ಮ ಎರಡೂ ಪದಗಳನ್ನು ಮನೆಯಲ್ಲಿ ಕೇಳಿದ್ದಳು. ಎರಡು ಮಾಡಿ ಒಂದನ್ನು ಬಿಡುವುದು ಮಾಸ್ತರರ ರೂಢಿ, ಇದೂ ಹಾಗೇ ಇರಬೇಕೆಂದು ತಿಳಿದಿದ್ದಳು.

ಅಂದಿನಿಂದ ಅವಳ ಮನೆಗೆ ಅಂತ್ಯಗಳು ಬರತೊಡಗಿದವು. ಎಲ್ಲರೂ ತಮ್ಮದನ್ನು ಮಾಸ್ತರರ ಮನಸ್ಸಿನಲ್ಲಿದ್ದದ್ದೆಂದೇ ಹೇಳಿದರು. ಎರ್ರಿಯಪ್ಪನ ಅಂತ್ಯದಲ್ಲಿ ಎದುರಾಳಿ ರಾಜ ಸಗಣಿ ತುಳಿದು ಜಾರಿ ಬೀಳುತ್ತಿದ್ದ. ಜಡೆಪ್ಪ ಆ ಸಗಣಿಯನ್ನು ಹಾಗೇ ಇಟ್ಟು ಕಾಲನ್ನು ಮಾತ್ರ ಬದಲಿಸಿದ್ದ. ಮೂಕಣ್ಣ ಕುದುರೆಯನ್ನೇ ಸಾಯಿಸಿದ್ದ. ಶಾಲೆಯ ಮೇಷ್ಟ್ರು ವಿರೂಪಾಕ್ಷಪ್ಪ ಒಬ್ಬ ಋಷಿಯನ್ನು ಕರೆಸಿ, ರಾಜರಿಬ್ಬರಿಗೂ ವೈರಾಗ್ಯ ಬರುವಂತೆ ಮಾಡಿದ್ದರು. ಸಂಗಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟು, ಎಲ್ಲವನ್ನೂ ಕೊನೆಯವರೆಗೆ ಕೇಳಿ, ಚೊಲೊ ಐತಿ, ಆದರೆ ಅವರು ಹೀಗೆ ಮಾಡುತ್ತಿರಲಿಲ್ಲ ಎನ್ನುತ್ತಿದ್ದಳು.

ಹಾಗಾದರೆ ಹೇಗೆ ಮಾಡುತ್ತಿದ್ದರು ಎಂದು ವಿರೂಪಾಕ್ಷಪ್ಪ ಕೇಳಿಯೇಬಿಟ್ಟರು. ಋಷಿಯ ವೇಷಕ್ಕೆ ಅವರು ಗಡ್ಡವನ್ನೂ ತರಿಸಿದ್ದರು.

“ಅದು ಗೊತ್ತಿದ್ರ ನಾನ ಮಾಸ್ತರ ಆಗ್ತಿದ್ನಲ್ರಿ,” ಎಂದಳು ಸಂಗಮ್ಮ. “ಅವರು ಹಾಡಿದ್ದೆಲ್ಲಾ ನನ್ನ ತಲಿಯಾಗ ಐತಿ. ಹಾಡಬೇಕಂತ ಇದ್ದದ್ದು ಅವರ ಕೂಡ ಹೋತು. ಅದನ್ನ ನೀವೂ ತರಾಕಾಗಲ್ಲ, ನಾನೂ ತರಾಕಾಗಲ್ಲ. ಇದ್ದದ್ದಾದ್ರೂ ಉಳೀಲಿ.”

ಆಟ ಆಡುವ ಅಟ್ಟದ ಮೇಲೆ ಮಾಸ್ತರರ ಮಾತು ಬಿಟ್ಟು ಬೇರೊಂದು ಮಾತು ಬರಕೂಡದು ಎಂದು ಅವಳು ತೀರ್ಮಾನಿಸಿದಳು. ಅವರು ಕೊಟ್ಟದ್ದು ಎರಡು ಗೆಲುವಿನ ಪದ. ಹಾಗಾದರೆ ಎರಡೂ ಬರಲಿ.

ಇದಕ್ಕೆ ಇಬ್ಬರು ರಾಜರೂ ಒಪ್ಪಿದರು. ಆಮೇಲೆ, ಕೊನೆಗೆ ಹಾಡಿದವನೇ ಗೆದ್ದಂತೆ ಕಾಣುತ್ತದೆ ಎಂಬುದು ಇಬ್ಬರಿಗೂ ಹೊಳೆಯಿತು. ಕಾಲುವೆಯ ಮೇಲೆ ಎಂದೂ ಸರದಿ ಬಿಟ್ಟುಕೊಡದವರು ಈಗ ಬಹಳ ಮರ್ಯಾದೆ ಕಲಿತರು.

“ನೀ ದೊಡ್ಡಾವ, ಎರ್ರಿಯಪ್ಪಣ್ಣ. ನೀನ ಮೊದ್ಲು ಹಾಡು.”

“ಛೇ, ಎಲ್ಲಾದ್ರೂ ಉಂಟಾ. ಶೆಟ್ರ ಮುಂದ ನಾನು ಯಾವ ಗಿಡದ ತಪ್ಪಲ. ನೀವ ಹಾಡ್ರಿ.”

ಎರಡು ಸಂಜೆ ಈ ಉಪಚಾರದಲ್ಲೇ ಹೋದವು. ಮೂರನೆಯ ಸಂಜೆ ಸಂಗಮ್ಮ ಇಬ್ಬರೂ ಕೂಡಿಯೇ ಹಾಡಬೇಕೆಂದಳು. ಅದು ಸಾಧ್ಯವಿತ್ತು. ಯಾವ ಆಟದಲ್ಲಿ ಯಾರು ಗೆದ್ದರೂ ಮಾಸ್ತರರು ಹಾಕುತ್ತಿದ್ದ ಧಾಟಿ ಒಂದೇ. ಹೊಸ ಧಾಟಿ ಹಾಕಿ ಎಂದವರಿಗೆ, ಗೆದ್ದವನು ಏನು ಹಾಡಿದರೂ ನಡೆಯುತ್ತದೆ, ಸೋತವನ ಪದಕ್ಕೆ ಧಾಟಿ ಹುಡುಕಬೇಕು ಎನ್ನುತ್ತಿದ್ದರಂತೆ.

ಯುಗಾದಿಯ ಮರುದಿನ ರಾತ್ರಿ ಆಟ ನಡೆಯಿತು. ಕಂಪ್ಲಿಯಿಂದಲೂ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ಯುದ್ಧ ಬರುವ ಹೊತ್ತಿಗೆ ಬೆಳಗಾಗಿತ್ತು. ರಾಜರಿಬ್ಬರೂ ಒಂದೊಂದು ಕೈಯಲ್ಲಿ ಒಂದೇ ಲಗಾಮು ಹಿಡಿದು, ಮುಖಕ್ಕೆ ಮುಖ ಕೊಟ್ಟು, ಕೊರಳ ನರ ಉಬ್ಬುವಂತೆ ಹಾಡಿದರು. ಗೆದ್ದೆ ಎಂಬುದೊಂದು ಬಿಟ್ಟರೆ ಯಾರ ಮಾತೂ ಯಾರಿಗೂ ತಿಳಿಯಲಿಲ್ಲ. ಮೊದಲು ಹೆಂಗಸರ ಕಡೆಯಿಂದ ನಗು ಎದ್ದಿತು. ನಗು ಕೇಳಿ ರಾಜರಿಗೆ ಸಿಟ್ಟು ಬಂತು, ದನಿ ಇನ್ನೂ ಏರಿತು. ಬಿದಿರು, ಬಟ್ಟೆಯ ಕುದುರೆ ನಡುವೆ ಬಿರಿಯಿತು. ಒಳಗಿದ್ದವನು ಹೊರಬಂದು ಜನಕ್ಕೆ ಕೈಮುಗಿದ. ಇನ್ನೊಮ್ಮೆ ಆಗಲಿ ಎಂದು ಕಂಪ್ಲಿಯವರು ಎದ್ದು ನಿಂತರು. ರಾಜರು ಇನ್ನೊಮ್ಮೆ ಹಾಡಿದರು. ಸಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆಟ ಮುಗಿದ ಮೇಲೆ ವಿರೂಪಾಕ್ಷಪ್ಪ ಅವಳ ಹತ್ತಿರ ಬಂದು, ಮಾಸ್ತರರು ನೋಡಿದ್ದರೆ ಖುಷಿ ಪಡುತ್ತಿದ್ದರು ಎಂದರು.

“ಪಡ್ತಿದ್ರು,” ಎಂದಳು ಸಂಗಮ್ಮ. “ಆಮ್ಯಾಲೆ ಮನಿಗೆ ಬಂದು, ಇದಲ್ಲ ಅಂತ ಹೇಳಿ, ಬ್ಯಾರೆ ಮಾಡ್ತಿದ್ರು.”

ಮರುವರ್ಷ ಕಂಪ್ಲಿಯವರು ಅದೇ ಆಟಕ್ಕೆ ಕರೆದರು. ತಂಡ ಹೋಗಿ, ಇಬ್ಬರೂ ಗೆಲ್ಲುವಂತೆಯೇ ಆಡಿ ಬಂತು. ಮಾಸ್ತರರ ಈ ಆಟದ ನಂತರ ಎಮ್ಮಿಗನೂರಿನಲ್ಲಿ ಹೊಸ ಆಟ ಯಾರೂ ಕಟ್ಟಲಿಲ್ಲ.