ಮುರಿಗೆಪ್ಪ ಬಾಯಿಬಿಟ್ಟ ದಿನ

ಕೊರೊನಾದ ಎರಡನೇ ಅಲೆಯ ಕಾಲ. ಅಬ್ಬಿಗೆರೆಯ ಮುರಿಗೆಪ್ಪನಿಗೆ ಕಾಯಿಲೆ ಬಂತು, ವಾಸಿಯೂ ಆಯಿತು. ಆದರೆ ತಿಂಗಳು ಕಳೆದರೂ ಆತ ಒಳಕೋಣೆ ಬಿಟ್ಟು ಬರಲಿಲ್ಲ. ತೊಳೆದೂ ತೊಳೆದೂ ಕೈ ಬಿರಿದಿದ್ದವು. ಹಗಲೆಲ್ಲ ಟಿವಿಯಲ್ಲಿ ಸಾವಿನ ಸುದ್ದಿ. ಮಗಳು ಹತ್ತಿರ ಹೋದರೆ, "ದೂರ ನಿಂದ್ರು!" ಎಂದು ಗದರುತ್ತಿದ್ದ. ಹೆಂಡತಿ ಗಂಗಾದೇವಿಗೆ ಏನೂ ತೋಚದಾಯಿತು. ಕಾರ್ಖಾನೆ ಕೆಲಸಕ್ಕೆಂದು ಗದಗಿನ ಕಡೆಯಿಂದ ರಾಜಧಾನಿಗೆ ಬಂದ ಅವರಿಗೆ ಇಲ್ಲಿ ಬಂಧುಬಳಗವೂ ಇರಲಿಲ್ಲ.

ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಿಂದುಶ್ರೀ ಬಂದಳು. ಮುರಿಗೆಪ್ಪನ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದಳು.

"ಆಕ್ಸಿಜನ್ ಚೆನ್ನಾಗಿದೆ ಅಣ್ಣ. ನಿದ್ದೆ ಬರ್ತಿದ್ಯಾ?"

ಆತ ಬೆರಳು ಬಿಡಿಸಿಕೊಂಡ. ಗಂಗಾದೇವಿಯೇ ಹೇಳಿದಳು: "ನಿದ್ದಿನೂ ಇಲ್ಲ, ಊಟಾನೂ ಇಲ್ಲ ತಂಗಿ."

"ಮನಸ್ಸಿಗೂ ಸುಸ್ತಾಗುತ್ತೆ ಅಣ್ಣ. ಸಹಾಯವಾಣಿಗೆ ಒಂದ್ಸಲ ಫೋನ್ ಮಾಡಿ."

"ನನಗೇನ್ ಹುಚ್ಚ ಹಿಡದೈತೇನು? ಫೋನ್ನ್ಯಾಗ ಮಾತಾಡಿದ್ರ ಏನ್ ಆಕ್ಕೈತಿ?"

ಬಿಂದುಶ್ರೀ ಬೇಸರಪಡಲಿಲ್ಲ. ಬಾಗಿಲಾಚೆ ಮೆಟ್ಟಿಲ ಮೇಲೆ ಕುಳಿತಳು.

"ಹುಚ್ಚಲ್ಲ ಕಣಣ್ಣ, ಭಯ. ನಂಗೂ ಇದೆ. ಈ ಬೀದೀಲೇ ನೋಡಿ. ಸೊಣ್ಣಮ್ಮೋರು ತಾರಸಿ ಮೇಲೆ ಸೊಪ್ಪಿಗೆ ನೀರು ಹಾಕ್ತಾ ಪಕ್ಕದ್ಮನೆಯವ್ರನ್ನ ಮಾತಾಡಿಸ್ತಾರೆ. ಹಿಂದಿನ ರೂಮಿನ ಬಿಹಾರದ ಹುಡುಗ್ರು ವಿಡಿಯೋ ಕಾಲಲ್ಲಿ ಅಮ್ಮನ್ನ ಕೇಳ್ಕೊಂಡು ಅಡುಗೆ ಮಾಡ್ತಾರೆ. ನಿಮ್ಮೂರಲ್ಲಿ ಹೆಂಗಂತೆ?"

"ನಮ್ಮತ್ತಿ ಓಣ್ಯಾಗ ಸಂಜಿ ಮುಂದ ಎಲ್ಲಾರೂ ತಮ್ತಮ್ಮ ಬಾಗಲದಾಗ ಕುಂತು ಭಜನಿ ಹಾಡ್ತಾರಂತ," ಎಂದಳು ಗಂಗಾದೇವಿ.

"ನೋಡಿ, ದೂರ ಇದ್ರೂ ಅವ್ರು ಯಾರೂ ಒಂಟಿ ಅಲ್ಲ. ನೀವೊಬ್ರೇ ಒಳಗೊಳಗೇ ಕೊರಗ್ತಿದ್ದೀರ."

ಮುರಿಗೆಪ್ಪ ತಲೆ ತಗ್ಗಿಸಿದ. ಬಿಂದುಶ್ರೀ ನಂಬರ್ ಒತ್ತಿ ಫೋನ್ ಕೊಟ್ಟಳು. ಆತ ಮೊದಲು ಹ್ಞೂಂ, ಊಹ್ಞೂಂ ಎನ್ನುತ್ತಿದ್ದವನು ಇದ್ದಕ್ಕಿದ್ದಂತೆ ಬಿಕ್ಕಿದ.

"ಕಾರ್ಖಾನ್ಯಾಗ ಗಿರಿ ನನ್ನ ಬಾಜೂಕ ಕೆಲಸ ಮಾಡಾಂವ್ರೀ. ಕೂಡೇ ಉಣ್ತಿದ್ವಿ. ನನಗ ಜ್ವರಾ ಬಂದ ವಾರಕ್ಕ ಅವಗೂ ಬಂತು. ನಾ ಉಳದೆ, ಅಂವಾ ಹೋದ. ನಾನ ಅವನ್ನ ಕೊಂದ್ನೇನ್ರೀ?"

ಗಂಗಾದೇವಿ ಬಂದು ಗಂಡನ ಪಕ್ಕ ಕೂತಳು. ಒಂದೇ ಸೂರಿನಡಿ ಇದ್ದೂ ಈ ಸಂಕಟ ಅವಳಿಗೆ ತಿಳಿದಿರಲಿಲ್ಲ.

ಸಹಾಯವಾಣಿಯ ಆಪ್ತಸಮಾಲೋಚಕಿ ಪೂರ್ತಿ ಕೇಳಿಸಿಕೊಂಡರು. ಯಾರಿಂದ ಯಾರಿಗೆ ಬಂತೆಂದು ಹೇಳಲಾಗದು, ಬೇಕೆಂದು ನೀವೇನೂ ಮಾಡಿಲ್ಲ ಎಂದರು. ಟಿವಿ ಸುದ್ದಿ ಕಡಿಮೆ ಮಾಡಿ, ಮನೆಯವರ ಜೊತೆ ಕೂತು ಉಣ್ಣಿ, ವಾರ ಬಿಟ್ಟು ಮತ್ತೆ ಮಾತಾಡೋಣ ಎಂದರು.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಮೂರು ಸಲ ಮಾತಾಡಿದ ಮೇಲೆ ಮುರಿಗೆಪ್ಪನಿಗೆ ನಿದ್ದೆ ಬಂತು. ಆಮೇಲೊಂದು ದಿನ ಧೈರ್ಯ ಮಾಡಿ ಗಿರಿಯ ಹೆಂಡತಿಗೆ ಫೋನ್ ಮಾಡಿದ.

"ಯಾಕಣ್ಣ ಇಷ್ಟು ದಿನ ಮಾಡ್ಲಿಲ್ಲ?" ಎಂದಳು ಆಕೆ. "ಅವ್ರ ವಿಷ್ಯ ಮಾತಾಡೋಕೆ ನಂಗೂ ಯಾರೂ ಇರ್ಲಿಲ್ಲ."

ಇಬ್ಬರೂ ಬಹಳ ಹೊತ್ತು ಗಿರಿಯ ವಿಷಯವೇ ಮಾತಾಡಿದರು.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಮಂಕಾಗಿ ಕುಳಿತಿದ್ದಾರೆಯೇ? ಗದರಬೇಡಿ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಈಗ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮನಸ್ಸು ಭಾರವಾದರೆ ನಾಳೆಗೆ ಮುಂದೂಡಬೇಡಿ, ಇವತ್ತೇ ಮಾತಾಡಿ.