ಅರ್ಧದ ಅರ್ಧ

ಹಗ್ಗದ ಕುಣಿಕೆ ಎರಡನೇ ಸಲವೂ ಹಂದಿಯ ತಲೆಯ ಮೇಲಿಂದ ಜಾರಿ ಬಚ್ಚಲಿನ ನೆಲಕ್ಕೆ ಬಿತ್ತು. ಅದಕ್ಕೆ ತಲೆಗಿಂತ ಕತ್ತೇ ದಪ್ಪ. ಸತ್ತವನ ತಂಗಿಯ ಗಂಡ ಮಂಡಿಯೂರಿ ಮೂರನೇ ಸಲ ಎಸೆದ. ಹಂದಿ ಕಿರುಚಿತು. ಮುಂದಿನ ಕೋಣೆಯಲ್ಲಿ ಹೆಣದ ಸುತ್ತ ಕುಳಿತವರೆಲ್ಲ ಒಟ್ಟಿಗೆ ತಲೆಯೆತ್ತಿದರು.

ಸತ್ತವನ ಹೆಂಡತಿ ಎದ್ದು ಬಂದು ಬಚ್ಚಲಿನ ಬಾಗಿಲಲ್ಲಿ ನಿಂತಳು. "ನೀವು ಹೊರಗೆ ಬನ್ನಿ."

"ಅತ್ತಿಗೆ, ನೀವು ಹೋಗಿ ಅಣ್ಣನ ಹತ್ರ ಕೂತ್ಕೊಳ್ಳಿ," ಎಂದಳು ಹಿಂದೆಯೇ ಬಂದ ನಾದಿನಿ. "ಹನ್ನೊಂದಕ್ಕೆ ಅಣ್ಣನ್ನ ಒಯ್ಯೋಕೆ ವ್ಯಾನ್ ಬರತ್ತೆ. ಅಷ್ಟರಲ್ಲಿ ಇದು ಮನೆ ಬಿಡ್ಬೇಕು."

"ಬಿಟ್ಟು ಎಲ್ಲಿಗೆ?"

"ಫಾರ್ಮಿಗೆ."

"ಯಾವ ಫಾರ್ಮು?"

ನಾದಿನಿ ಗಂಡನ ಮುಖ ನೋಡಿದಳು. ಗಂಡ ಹಗ್ಗದ ಗಂಟು ನೋಡಿದ.

"ಸುಳ್ಳು ಹೇಳೋಕೆ ಬಂದವರು ಒಂದು ಹೆಸರಾದ್ರೂ ಯೋಚಿಸ್ಕೊಂಡು ಬರ್ಬಾರ್ದಾ?" ಸತ್ತವನ ಹೆಂಡತಿ ಅವನ ಕೈಯಿಂದ ಹಗ್ಗ ಕಿತ್ತು, ಅವನನ್ನು ಹೊರಗೆ ಕಳಿಸಿ, ಬಚ್ಚಲಿಗೆ ಬೀಗ ಜಡಿದಳು. ಬೀಗದ ಕೈ ಮುಷ್ಟಿಯೊಳಗೆ ಹೋಯಿತು.

ಗಲಾಟೆ ಕೇಳಿ ಮಹಡಿಯಿಂದ ಮನೆ ಮಾಲೀಕ ಇಳಿದು ಬಂದ. ಹೆಣಕ್ಕೆ ಒಂದು ಸಲ ತಲೆಬಾಗಿಸಿ, ನೇರ ವಿಷಯಕ್ಕೆ ಬಂದ. "ಬೆಕ್ಕಿನಷ್ಟಿರತ್ತೆ ಅಂದ್ರು, ಒಪ್ಕೊಂಡೆ. ಈಗ ನೋಡಿದ್ರೆ ಬೀರು ಇದ್ದಂಗಿದೆ. ಅವರ ಮುಖ ನೋಡಿ ಸುಮ್ನಿದ್ದೆ."

"ಮುಖ ಇನ್ನೂ ಅಲ್ಲೇ ಇದೆಯಲ್ಲ," ಎಂದಳು ಆಕೆ. "ಇವತ್ತೊಂದಿನ ನೋಡಿ, ಸುಮ್ನಿರಿ."

ಯಾರೋ ನಗು ತಡೆಯಲಾಗದೆ ಕೆಮ್ಮಿದರು. ಮಾಲೀಕನ ಕಿವಿ ಕೆಂಪಾಯಿತು. "ನಾಳೆ ಬೆಳಿಗ್ಗೆವರೆಗೆ. ಒಂದೋ ಅದು ಹೋಗ್ಬೇಕು, ಇಲ್ಲಾ ಇಬ್ರೂ ಹೋಗ್ಬೇಕು."

*

ಸತ್ತವನು ತಕ್ಕಡಿ ರಿಪೇರಿಯವನು. ತರಕಾರಿ ಗಾಡಿಯ ತಕ್ಕಡಿ, ಅಂಚೆ ಕಚೇರಿಯ ತಕ್ಕಡಿ, ಆಸ್ಪತ್ರೆಯಲ್ಲಿ ಹಸುಗೂಸು ಮಲಗಿಸುವ ತಕ್ಕಡಿ, ಎಲ್ಲವೂ ಅವನ ಮೇಜಿಗೆ ಬರುತ್ತಿದ್ದವು. ಹೆಂಡತಿಗೆ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸ. ಒಂದು ಸಂಜೆ ಅವನು ಚಪ್ಪಲಿ ಡಬ್ಬಿಯಲ್ಲಿ ಕರಿ ಹಂದಿಮರಿ ತಂದ. ಡೊಳ್ಳುಹೊಟ್ಟೆ ಜಾತಿ, ಬೆಕ್ಕಿಗಿಂತ ಬೆಳೆಯುವುದಿಲ್ಲ, ಊಟ ಮಾತ್ರ ಹಿಡಿತದಲ್ಲಿರಲಿ ಎಂದು ಮಾರಿದವನು ಹೇಳಿದ್ದನಂತೆ. ಬೆಕ್ಕಿನಷ್ಟೇ ಇದ್ದರೆ ಇರಲಿ ಎಂದ ಮಾಲೀಕ.

ಅದಕ್ಕೆ ಗುಂಡು ಎಂದು ಹೆಸರಿಟ್ಟರು. ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಓಡಿ ಬಂದು ಮೀನಖಂಡಕ್ಕೆ ಒದ್ದೆ ಮೂತಿ ಒತ್ತುತ್ತಿತ್ತು. ಎರಡು ತೂತಿನ ಗುಂಡನೆಯ ಗುರುತು. ಇಡೀ ದಿನ ಉಗಿಯಲ್ಲಿ ಬೆಂದ ಕಾಲಿಗೆ ಅಷ್ಟು ತಂಪು ಬೇರೆಲ್ಲೂ ಸಿಗುತ್ತಿರಲಿಲ್ಲ.

ಆರನೇ ತಿಂಗಳಿಗೆ ಗುಂಡು ಬೆಕ್ಕನ್ನು ದಾಟಿತು. ಮಾಲೀಕ ಭಾನುವಾರಕ್ಕೊಮ್ಮೆ ಬಂದು ಇಣುಕತೊಡಗಿದ. ಆಗ ಗಂಡ, ಅವಳು ಏಳುವ ಮುಂಚೆಯೇ, ತೌಡನ್ನು ತೂಗಿ ಅರ್ಧ ಮಾತ್ರ ಬೋಗುಣಿಗೆ ಹಾಕಿ ಕಟ್ಟೆಯ ಮೇಲಿಟ್ಟು ಅಂಗಡಿಗೆ ಹೊರಡುತ್ತಿದ್ದ. ಅವಳಿಗೆ ಹೇಳಲಿಲ್ಲ, ಹೇಳಿದರೆ ಅವಳು ಬಿಡುವುದಿಲ್ಲ. ಅವನು ಹೋದ ಮೇಲೆ ಅವಳು ಆ ಬೋಗುಣಿಯಿಂದ ಅರ್ಧ ತೆಗೆದು ಡಬ್ಬಿಗೆ ಸುರಿದು, ಉಳಿದದ್ದನ್ನು ಗುಂಡುವಿನ ಮುಂದೆ ಇಡುತ್ತಿದ್ದಳು. ಅವನಿಗೆ ಹೇಳಲಿಲ್ಲ, ಹೇಳಿದರೆ ಅವನು ಸಹಿಸುವುದಿಲ್ಲ. ಗುಂಡು ಗೋಡೆಯ ಸುಣ್ಣ ನೆಕ್ಕತೊಡಗಿತು. ಬೆಳೆಯುವುದು ನಿಂತಿತು. ಇಬ್ಬರೂ ಒಳಗೊಳಗೇ ಹಿಗ್ಗಿದರು.

ಒಂದು ಬೆಳಿಗ್ಗೆ ಅದು ಖಾಲಿ ಬೋಗುಣಿಯಲ್ಲಿ ಮೂತಿಯಿಟ್ಟು ಮಲಗಿತ್ತು. ಏಳಲಿಲ್ಲ.

ಡಬ್ಬಿ ಅವನ ಕೈಗೆ ಸಿಕ್ಕಿತು. ಮುಚ್ಚಳ ತೆಗೆದು ತುಂಬ ಹೊತ್ತು ನೋಡಿದ. "ನಾನೂ ಅರ್ಧ ಮಾಡಿದ್ದೆ," ಎಂದ. ಆ ವಿಷಯದಲ್ಲಿ ಇಬ್ಬರ ನಡುವೆ ನಡೆದ ಮಾತು ಅಷ್ಟೇ.

ಮರುವರ್ಷ ಎರಡನೆಯದನ್ನು ತಂದ. ಅದಕ್ಕೆ ಹೆಸರಿಡಲಿಲ್ಲ. ತೂಗದೆ, ಅಳೆಯದೆ, ಚೀಲದಿಂದಲೇ ಸುರಿಯುತ್ತಿದ್ದ. ನಾಲ್ಕು ವರ್ಷ, ಜ್ವರ ಬಂದ ದಿನವೂ, ಬೋಗುಣಿ ಮುಟ್ಟಲು ಅವಳನ್ನು ಬಿಡಲಿಲ್ಲ.

*

ಮಣ್ಣು ಮಾಡಿ ಬರುವಾಗ ಮೂರು ಗಂಟೆ. ಬೀಗದ ಕೈಯ ಹಲ್ಲುಗಳು ಅವಳ ಅಂಗೈಯಲ್ಲಿ ಅಚ್ಚಾಗಿದ್ದವು. ಕಾಲು ತೊಳೆಯುವುದಕ್ಕೂ ನಿಲ್ಲದೆ ತೌಡಿನ ಚೀಲ ಎಳೆದುಕೊಂಡು ಬಚ್ಚಲಿಗೆ ಹೋದಳು. ಬೋಗುಣಿ ತುಂಬಿ ಹೊರಗೆ ಚೆಲ್ಲುವವರೆಗೆ ಸುರಿದಳು.

ಹಂದಿ ಮೂಲೆಗೆ ಸರಿಯಿತು. ಅವಳು ಬೋಗುಣಿಯನ್ನು ಹತ್ತಿರ ತಳ್ಳಿದಳು. ಅದು ತಲೆ ತಗ್ಗಿಸಿ ಬಂದು ಬೋಗುಣಿಗೂ ಅವಳ ಮೊಣಕಾಲಿಗೂ ಸೇರಿಸಿ ಗುದ್ದಿತು. ತೌಡೆಲ್ಲ ನೆಲಕ್ಕೆ. ಅವಳು ಎರಡೂ ಕೈಯಲ್ಲಿ ಬಾಚಿ ಮತ್ತೆ ತುಂಬಿದಳು.

"ನಿಮ್ಮ ಕೈಯಿಂದ ಅದು ತಿನ್ನಲ್ಲ." ಬಾಗಿಲಲ್ಲಿ ನಾದಿನಿ. "ಮೊದಲನೇದನ್ನ ಉಪವಾಸ ಕೆಡವಿ ಕೊಂದೋರು ನೀವೇ ಅಂತೆ. ಅಣ್ಣ ಎಲ್ಲಾ ಹೇಳಿದಾನೆ. ಅರ್ಧ ಊಟ ಬಚ್ಚಿಡ್ತಿದ್ರಂತೆ."

ಹೆಂಡತಿಯ ಕೈ ನಿಂತಿತು. "ಅಷ್ಟೇ ಹೇಳಿದ್ನಾ?"

"ಅಷ್ಟೇ. ಇನ್ನೇನಿತ್ತು ಹೇಳೋಕೆ?"

ಹೇಳಬಹುದಿತ್ತು. ಕೋಣೆ ತುಂಬ ಜನರಿದ್ದರು, ಎಲ್ಲರ ಕಿವಿಯೂ ಇತ್ತ ಇತ್ತು. ಅವಳು ಚೆಲ್ಲಿದ ತೌಡಿನಲ್ಲಿ ಸಿಕ್ಕಿದ ಕೂದಲೊಂದನ್ನು ಎತ್ತಿ ಬಿಸಾಡಿದಳು.

"ಏನಿಲ್ಲ."

ಆ ಉತ್ತರದಿಂದ ನಾದಿನಿಗೆ ಗೆದ್ದಂತಾಯಿತು. ಗೆದ್ದ ಮೇಲೆ ದನಿ ಮೆತ್ತಗಾಯಿತು. "ನೋಡಿ ಅತ್ತಿಗೆ, ಆಗಿದ್ದಾಯ್ತು. ನಾನೇನು ಕಲ್ಲಲ್ಲ. ನಮ್ಮನೆ ಮೇಲಿನ ಕೋಣೆ ಖಾಲಿ ಮಾಡ್ಸಿದೀನಿ. ಬಿಸಿಲು ಬರತ್ತೆ, ಹೊಸ ಹಾಸಿಗೆ ಹಾಕ್ಸಿದೀನಿ. ನೀವು ಬಟ್ಟೆ ತಗೊಂಡು ಕಾರಲ್ಲಿ ಕೂತ್ಕೊಳ್ಳಿ ಸಾಕು. ಇದನ್ನ ಮಾಂಸದ ಅಂಗಡಿಯವರು ಬಂದು ಎತ್ಕೊಂಡು ಹೋಗ್ತಾರೆ. ನೀವು ನೋಡೋದೂ ಬೇಡ."

"ನಾಳೆ ತಕ್ಕಡಿ ಅಂಗಡಿಗೆ ಹೋಗ್ತೀವಿ. ಹಿಂದೆ ಜಾಗ ಇದೆ."

"ಹೋಗ್ತೀವಿ ಅಂದ್ರೆ? ನೀವೂ ಹಂದೀನೂ? ಅಲ್ಲಿ ಒಂದು ಕಿಟಕಿನೂ ಇಲ್ಲ!"

ಹಂದಿ ಮತ್ತೆ ಗುದ್ದಿತು. ಈ ಸಲ ಅವಳ ಕೈಯ ಚರ್ಮ ಕಿತ್ತುಹೋಯಿತು. ಅವಳು ಕೈ ಹಿಂದೆಳೆಯಲಿಲ್ಲ.

"ಅದಕ್ಕೂ ನೀವು ಬೇಡ, ಕಾಣ್ತಿಲ್ವಾ?" ನಾದಿನಿ ಬಗ್ಗಿ ಅವಳ ತೋಳು ಹಿಡಿದಳು. "ಬನ್ನಿ. ಕೊನೇ ಸಲ ಕರೀತಿದೀನಿ."

ಅವಳು ತೋಳು ಬಿಡಿಸಿಕೊಂಡಳು.

"ಬರಲ್ಲ."